ಕಾಶಿಗೆಂದು ಹೇಳಿ ಹೋದ ಊರು

ನಮಿತಾಳ ಎಡ ಎದೆ ಎಲ್ಲ ಹುಡುಗಿಯರಿಗೆ ಬೆಳೆದಂತೆ ಬೆಳೆಯಿತು. ಬಲ ಎದೆ ಬೆಳೆಯಲಿಲ್ಲ. ಹದಿನೈದು ತುಂಬುವಷ್ಟರಲ್ಲಿ ಅದು ಇನ್ನು ಬೆಳೆಯುವುದೂ ಇಲ್ಲ ಎಂದು ಅವಳಿಗೆ ತಿಳಿದಿತ್ತು. ಹೇಳಿಕೊಳ್ಳೋಣವೆಂದರೆ ತಾಯಿ ಇರಲಿಲ್ಲ. ಸಿದ್ದಾಪುರದಲ್ಲಿ ಹೊಲಿಗೆ ತರಗತಿಗೆ ಸೇರಿದವಳು ತನಗಾಗಿ ಮೊದಲು ಹೊಲಿದುಕೊಂಡದ್ದು ಬಲಗಡೆಯ ಅಸ್ತರಿನೊಳಗೆ ಹತ್ತಿ ತುಂಬಿದ ರವಿಕೆ. ಅದನ್ನು ಎಷ್ಟು ನಾಜೂಕಾಗಿ ಹೊಲಿದಳೆಂದರೆ ಒಂದೇ ಮನೆಯಲ್ಲಿದ್ದ ಅಣ್ಣನ ಹೆಂಡತಿ ದೇವಕಿಗೂ ಎಂಟು ವರ್ಷ ಗೊತ್ತಾಗಲಿಲ್ಲ.

ತೊಂಬತ್ತಾರರಲ್ಲಿ ಯಲ್ಲಾಪುರದ ಸುಹಾಸನ ಜೊತೆ ಮದುವೆಯಾಯಿತು. ಅವನು ಬ್ಯಾಂಕಾಕಿನಲ್ಲಿ ಕಾಳುಮೆಣಸು, ಏಲಕ್ಕಿ ತರಿಸಿ ಮಾರುವ ಒಂದು ಕಂಪನಿಯಲ್ಲಿ ಲೆಕ್ಕ ಬರೆಯುತ್ತಿದ್ದ. ತಂದೆ ತೀರಿಕೊಂಡಿದ್ದರು. ಪೇಟೆಯೊಳಗಿನ ಸಣ್ಣ ಮನೆಯಲ್ಲಿ ತಾಯಿ ಸೀತಮ್ಮ ಒಬ್ಬಳೇ ಇದ್ದಳು. ಮದುವೆಗೆ ಮುಂಚೆ ಹೇಳಬೇಕೆಂದು ನಮಿತಾ ಎರಡು ಸಲ ಕಾಗದ ಬರೆದು ಹರಿದು ಹಾಕಿದ್ದಳು. ಮದುವೆಯಾದ ಮೇಲೆ ಹೆದರುತ್ತ ಹೆದರುತ್ತ ಹೇಳಿದಾಗ ಸುಹಾಸ, "ಇರ್ಲಿ ಬಿಡು. ಅದಕ್ಕೆ ಎಂತಕ್ಕೆ ಅಳ್ತೆ?" ಎಂದ. ಅಂಥ ಗಂಡ ಸಿಕ್ಕಿದನಲ್ಲ ಎಂದು ಅವಳು ಆ ವಾರವಿಡೀ ನೆಲದ ಮೇಲೆ ಕಾಲು ಊರದವಳಂತೆ ಓಡಾಡಿದಳು.

ಆದರೆ ಹತ್ತು ದಿನ ಕಳೆಯುವುದರೊಳಗೆ ಅವನು ಬದಲಾದ. "ಅಲ್ಲಿ ಬ್ಯಾಂಕಾಕಿನಲ್ಲಿ ಇದನ್ನೆಲ್ಲ ಸರಿ ಮಾಡ್ತ. ಒಳಗೊಂದು ಚೀಲ ಇಟ್ಟು ಹೊಲಿತ, ಅಷ್ಟೇಯ. ಮಾಡಿಸ್ಕ್ಯಳದೇಯ," ಎಂದ. ಅವಳು ಬೇಡವೆಂದಳು. ಅವನು ಮಾತು ಬಿಟ್ಟ. ಇರಲಿ ಬಿಡು ಎಂದವನು ಇದ್ದಕ್ಕಿದ್ದಂತೆ ಯಾಕೆ ಹೀಗಾದ ಎಂಬುದು ಅವಳಿಗೆ ಬಗೆಹರಿಯಲಿಲ್ಲ. ಕೊನೆಗೆ ಅವಳೇ ಒಪ್ಪಿ, ಮುಂದಿನ ವರ್ಷ ಬ್ಯಾಂಕಾಕಿಗೆ ಹೋಗಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಾಡಿಸಿಕೊಂಡು ಬಂದಳು.

ಅದರಿಂದ ಅವಳಿಗೆ ಸಂತೋಷವೇ ಆಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹತ್ತಿಯನ್ನೆಲ್ಲ ಒಲೆಗೆ ಹಾಕಿದಳು. ಜೀವನದಲ್ಲಿ ಮೊದಲ ಸಲ ತನಗೆ ಎರಡೂ ಕಡೆ ಒಂದೇ ಅಳತೆಯ ರವಿಕೆ ಹೊಲಿದುಕೊಂಡಳು. ಯಲ್ಲಾಪುರದ ಮನೆಯ ಮುಂದಿನ ಕೋಣೆಯಲ್ಲೇ ಮಿಶನ್ ಹಾಕಿದಳು. ಮದುವೆ ದಿನಗಳಲ್ಲಿ ಊಟಕ್ಕೆ ಏಳಲೂ ಬಿಡುವಿಲ್ಲದಷ್ಟು ಕೆಲಸ ಬರುತ್ತಿತ್ತು. ತೊಂಬತ್ತೊಂಬತ್ತರಲ್ಲಿ ಮಗಳು ಸಮೃದ್ಧಿ ಹುಟ್ಟಿದಳು. ಎಡಗಡೆಯ ಹಾಲಿನಲ್ಲೇ ಮಗು ಮೈಕೈ ತುಂಬಿಕೊಂಡಿತು. ಸುಹಾಸ ಮಾತ್ರ, ಕಂಪನಿಯ ಕೋಣೆಯಲ್ಲಿ ಸಂಸಾರ ಇಡಲು ಬಿಡುವುದಿಲ್ಲ ಎನ್ನುತ್ತ ವರ್ಷಕ್ಕೊಮ್ಮೆ ಬರುತ್ತಿದ್ದವನು ಎರಡು ವರ್ಷಕ್ಕೊಮ್ಮೆ ಬರತೊಡಗಿದ.

ಎರಡು ಸಾವಿರದ ಮೂರರ ಹೊತ್ತಿಗೆ ಬಲ ಎದೆ ಗಟ್ಟಿಯಾಗುತ್ತ ಬಂತು. ಮೊದಲು ಹಸಿ ಪಪ್ಪಾಯಿಯಂತೆ, ಆಮೇಲೆ ಕಲ್ಲಿನಂತೆ. ಒಂದು ಬದಿಗೆ ಮಲಗಲಾಗದು. ಎರಡು ವರ್ಷ ಹೇಗೋ ತಡೆದಳು. ಆಮೇಲೆ ಕಂಕುಳಲ್ಲಿ ಗಂಟು ಎದ್ದಿತು, ಸಂಜೆಯಾದರೆ ಸಣ್ಣ ಜ್ವರ. ಯಲ್ಲಾಪುರದಲ್ಲಿ ತೋರಿಸಲು ನಾಚಿಕೆಯಾಗಿ, ಸೀರೆಯಂಚಿಗೆ ಹಾಕುವ ಫಾಲ್ಸ್ ಬಟ್ಟೆ ತರುವ ನೆಪ ಹೇಳಿ ಶಿರಸಿಗೆ ಹೋಗಿ ಶಾಂತಾರಾಮ ಡಾಕ್ಟರಿಗೆ ತೋರಿಸಿದಳು. ವಯಸ್ಸಾದ ಡಾಕ್ಟರು. ಮೆಲ್ಲಗೆ ಮುಟ್ಟಿ ನೋಡಿ, ಕೈ ತೊಳೆದುಕೊಂಡು ಬಂದು ಕೂತರು.

"ಒಳಗಿನ ಚೀಲ ಒಡೆದಿರಬೇಕು ಅನ್ನಿಸ್ತದೆ. ತೆಗೆಸಬೇಕು. ಹುಬ್ಬಳ್ಳಿಗೆ ಚೀಟಿ ಕೊಡ್ತೇನೆ."

"ಹುಬ್ಬಳ್ಳಿ ಬೇಡ ಡಾಕ್ಟ್ರೆ."

"ಯಾಕೆ?"

"ಅಲ್ಲಿ ನಮ್ಮೂರವ್ರು ಯಾರಾದ್ರೂ ಇದ್ದೇ ಇರ್ತಾರೆ."

"ಬೆಂಗಳೂರಿಗೆ ಬರೀಲಾ?"

"ಅಲ್ಲಿ ಇನ್ನೂ ಜಾಸ್ತಿ."

ಡಾಕ್ಟರು ಪೆನ್ನು ಕೆಳಗಿಟ್ಟರು. "ಎಲ್ಲಿಗಾದ್ರೂ ಹೋಗಮ್ಮ. ಆದ್ರೆ ಮುಂದಿನ ತಿಂಗಳೇ ಹೋಗು."

ಮುಂದಿನ ತಿಂಗಳು ಹೋಗಲಾಗಲಿಲ್ಲ. ಹಾಕಿದ ಆಸ್ಪತ್ರೆಯಲ್ಲೇ ತೆಗೆಸೋಣ, ಅವರ ಹತ್ತಿರ ದಾಖಲೆ ಇದೆ, ಇಲ್ಲಿಯವರ ಕಣ್ಣಿಗೂ ಬೀಳುವುದಿಲ್ಲ ಎಂದು ಸುಹಾಸ ಫೋನಿನಲ್ಲಿ ಹೇಳಿದ. ಅವಳಿಗೂ ಅದೇ ಬೇಕಿತ್ತು. ಆದರೆ ದಿನ ಗೊತ್ತು ಮಾಡು ಎಂದಾಗಲೆಲ್ಲ ದೀಪಾವಳಿ ಕಳೆಯಲಿ, ಸಂಕ್ರಾಂತಿ ಕಳೆಯಲಿ ಎನ್ನುತ್ತಿದ್ದ. ಕೊನೆಗೆ ಒಂದು ದಿನ ನಮಿತಾ ಕತ್ತರಿ ಹಿಡಿದವಳು ಅದನ್ನು ಕೆಳಗೆ ಬೀಳಿಸಿ ಮಿಶನ್ ಮೇಲೆ ತಲೆಯಿಟ್ಟು ಕೂತದ್ದನ್ನು, ಆ ಫೋನಿನ ಮಾತೆಲ್ಲ ಕಿವಿಗೆ ಬಿದ್ದಿದ್ದ ಸೀತಮ್ಮ ನೋಡಿದಳು. ಫೋನು ಎತ್ತಿ ಮಗನಿಗೆ, "ದಿನ ಹೇಳು. ಹೇಳದಿದ್ರೆ ಆನೇ ಇವಳನ್ನ ಕರ್ಕಂಡು ಬಂದು ನಿನ್ನ ಆಫೀಸಿನ ಬಾಗಿಲಲ್ಲಿ ಕೂತ್ಕತ್ತೆ," ಎಂದಳು. ಆಮೇಲೆ ಸೊಸೆಯ ಕಡೆ ತಿರುಗಿ, "ಆನೂ ಬತ್ತೆ. ಒಬ್ಬಳೇ ಹೋಗದು ಬೇಡ," ಎಂದಳು.

ಹುಬ್ಬಳ್ಳಿಯಿಂದಾಚೆ ಹೋಗದ ಸೀತಮ್ಮನಿಗೆ ಅರವತ್ತನಾಲ್ಕನೇ ವಯಸ್ಸಿನಲ್ಲಿ ಪಾಸ್‌ಪೋರ್ಟ್ ಆಗಬೇಕಾಯಿತು. ವಿಚಾರಣೆಗೆ ಬಂದ ಪೊಲೀಸಪ್ಪ ಜಗಲಿಯಲ್ಲಿ ಕೂತು ಯಾವೂರಿಗೆ ಹೊಂಟೀರಿ ಎಂದು ಕೇಳಿದ. ಪಕ್ಕದ ಮನೆಯವರು ಬೇಲಿಯ ಹತ್ತಿರ ನಿಂತಿದ್ದರು. ಸೀತಮ್ಮ ಗಟ್ಟಿಯಾಗಿ, "ಕಾಶಿಗೆ," ಎಂದಳು.

"ಕಾಶಿಗೆ ಪಾಸ್‌ಪೋರ್ಟ್ ಯಾಕ ಬೇಕ್ರೀ ಅಮ್ಮಾ?"

"ಹಾಂಗೇ ಮುಂದೆ ನೇಪಾಳಕ್ಕೂ ಹೋಗಿ ಬಪ್ಪ ಹೇಳಿ."

ಅವನು ನಕ್ಕು ಬರೆದುಕೊಂಡು ಹೋದ. ಒಂದೇ ವಾರದಲ್ಲಿ ಓಣಿಗೆಲ್ಲ ಸುದ್ದಿಯಾಯಿತು: ಸೀತಮ್ಮನ ಸೊಸೆ ಅತ್ತೆಯನ್ನು ಕಾಶಿಗೆ ಕರೆದುಕೊಂಡು ಹೋಗುತ್ತಾಳಂತೆ. ಹೊರಡುವ ದಿನ ನಾಲ್ಕು ಜನ ಬಂದು ಸೀತಮ್ಮನ ಕಾಲಿಗೆ ನಮಸ್ಕಾರ ಮಾಡಿದರು. ಒಬ್ಬಳು ತೀರಿಕೊಂಡ ಮಗನ ಹೆಸರು, ಗೋತ್ರ ಬರೆದ ಚೀಟಿಯನ್ನು ಕೈಗಿಟ್ಟು, ಗಂಗೆಯ ಹತ್ತಿರ ಹೇಳಿ ಬನ್ನಿ ಎಂದು ಅತ್ತಳು. ಸೀತಮ್ಮ ಆ ಚೀಟಿಯನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಸಮೃದ್ಧಿಯನ್ನು ಸಿದ್ದಾಪುರದಲ್ಲಿ ದೇವಕಿಯ ಹತ್ತಿರ ಬಿಟ್ಟು ಇಬ್ಬರೂ ಹೊರಟರು. ಶಾಂತಾರಾಮ ಡಾಕ್ಟರು ಬೇಗ ಹೋಗು ಎಂದು ಹೇಳಿ ಹದಿನಾಲ್ಕು ತಿಂಗಳಾಗಿತ್ತು.

ಸುಹಾಸ ವಿಮಾನ ನಿಲ್ದಾಣಕ್ಕೆ ಬಂದಿದ್ದ. ದಪ್ಪಗಾಗಿದ್ದ. ಅವರನ್ನು ಆಸ್ಪತ್ರೆಯ ಪಕ್ಕದ ಲಾಡ್ಜಿಗೆ ಕರೆದುಕೊಂಡು ಹೋದ.

"ನಿನ್ನ ಕೋಣೆಗೆ ಹೋಪದಲ್ದಾ?" ಎಂದು ಸೀತಮ್ಮ ಕೇಳಿದಳು.

"ಅಲ್ಲಿ ಜಾಗ ಇಲ್ಲೆ ಆಯಿ," ಎಂದು ಅವನು ಪೆಟ್ಟಿಗೆ ಇಳಿಸತೊಡಗಿದ.

ಹತ್ತು ವರ್ಷದ ಹಿಂದಿನ ಡಾಕ್ಟರು ಆಸ್ಪತ್ರೆಯಲ್ಲಿ ಇರಲಿಲ್ಲ. ಅವರ ಜಾಗದಲ್ಲಿ ಚಿಕ್ಕ ವಯಸ್ಸಿನ ಒಬ್ಬ ಡಾಕ್ಟರಮ್ಮ ಇದ್ದಳು. ಅವಳ ಮಾತನ್ನು ಒಬ್ಬ ಹುಡುಗಿ ಹಿಂದಿಗೆ ತಿರುಗಿಸುತ್ತಿದ್ದಳು, ನಮಿತಾಳಿಗೆ ಅರ್ಧ ಅರ್ಥವಾಗುತ್ತಿತ್ತು. ಡಾಕ್ಟರಮ್ಮ ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ, ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಕೇಳಿದಳು. ಹುಡುಗಿ ಅದನ್ನು ಹಿಂದಿಯಲ್ಲಿ ಹೇಳಿದಳು. ನಮಿತಾ ಗಂಡನ ಕಡೆ ನೋಡಿದಳು. ಅವನು ಗೋಡೆಯ ಗಡಿಯಾರ ನೋಡುತ್ತಿದ್ದ.

ಒಂದೂವರೆ ಗಂಟೆಯ ಕೆಲಸ ಎಂದಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಒಳಗೆ ಹೋದವಳನ್ನು ಹೊರಗೆ ತಂದದ್ದು ಮಧ್ಯಾಹ್ನ ಎರಡಕ್ಕೆ. ಸೀತಮ್ಮ ವರಾಂಡದ ಕುರ್ಚಿ ಬಿಟ್ಟು ಏಳಲಿಲ್ಲ, ನೀರೂ ಕುಡಿಯಲಿಲ್ಲ. ಡಾಕ್ಟರಮ್ಮ ಹೇಳಿದ್ದನ್ನು ಸುಹಾಸ ತುಂಡು ತುಂಡಾಗಿ ತಾಯಿಗೆ ತಿಳಿಸಿದ. "ಚೀಲ ಯಾವತ್ತೋ ಒಡೆದಿತ್ತಡ. ಒಳಗಿನ ಅಂಟು ಕಂಕುಳದವರೆಗೆ ಹೋಗಿ ಕೂತಿತ್ತಡ. ಕೀವು ಆಗಿತ್ತಡ. ಕೆರೆದು ತೆಗೆಯಕ್ಕಾತಡ."

"ಈಗ ಎಲ್ಲ ಹೋತಾ?"

"ತೆಗೆಯಲೆ ಆಪಷ್ಟು ತೆಗೆದ್ದ."

"ಬಲಗೈ ಎಂತಾತು?"

"ನರಕ್ಕೆ ಪೆಟ್ಟು ಬಿದ್ದಿದಡ. ಸ್ವಲ್ಪ ದಿನ ಎತ್ತಲೆ ಕಷ್ಟ ಆಗ್ತಡ."

ಅದಾದ ಮೇಲೆ ಎರಡು ದಿನ ಅವನು ಬರಲಿಲ್ಲ. ಸೀತಮ್ಮ ಊರಿನಿಂದ ತಂದ ಅವಲಕ್ಕಿ ನೆನೆಸಿ ತಾನೂ ತಿಂದಳು, ಸೊಸೆಗೂ ತಿನ್ನಿಸಿದಳು. ಮೂರನೇ ದಿನ ಮಧ್ಯಾಹ್ನ ಬಂದವನು ಕೂರದೆ ನಿಂತೇ ಇದ್ದ. ಹಾಸಿಗೆಯಲ್ಲಿದ್ದ ನಮಿತಾ ಅವನು ಏನು ಹೇಳಲಿದ್ದಾನೆಂದು ಮುಖ ನೋಡಿಯೇ ತಿಳಿದುಕೊಂಡಳು.

"ಆಯಿ, ನಂಗೆ ಇಲ್ಲಿ ಬೇರೆ ಮನೆ ಇದ್ದು," ಎಂದ. "ಆರು ವರ್ಷಾತು. ಒಂದು ಮಗನೂ ಇದ್ದ."

ಸೀತಮ್ಮ ಎದ್ದು ಅವನ ಕೆನ್ನೆಗೆ ಹೊಡೆದಳು. ಅವನು ತಡೆಯಲಿಲ್ಲ. "ಟಿಕೇಟು ಮಾಡಿಸಿದ್ದೆ," ಎಂದು ಲಕೋಟೆಯನ್ನು ಮೇಜಿನ ಮೇಲಿಟ್ಟು ಹೊರಟುಹೋದ. ನಮಿತಾ ಅಳಲಿಲ್ಲ. ಚೀಲ ತೆಗೆದ ಜಾಗದಲ್ಲಿ ಪಟ್ಟಿಯ ಅಡಿ ಈಗ ಏನೂ ಇರಲಿಲ್ಲ, ಹದಿನೈದರಲ್ಲಿದ್ದಷ್ಟೂ ಇರಲಿಲ್ಲ. ಅಲ್ಲಿ ಒಂದು ಗುಳಿ ಬಿದ್ದಿತ್ತು. ಬೆಳಿಗ್ಗೆ ಪಟ್ಟಿ ಬದಲಿಸುವಾಗ ಅವಳು ಅದನ್ನು ನೋಡಿದ್ದಳು.

ಸೀತಮ್ಮ ಹಾಸಿಗೆಯ ಅಂಚಿನಲ್ಲಿ ಕೂತಳು.

"ತಂಗಿ, ಒಂದು ಮಾತು ಹೇಳವು. ಮದುವೆ ಆದ ವಾರದಲ್ಲಿ ನಿಂಗೆ ಎಣ್ಣೆ ನೀರು ಹಾಕಲೆ ಬಂದಿದ್ದೆ, ನೆನಪಿದ್ದಾ? ಅವತ್ತೇ ನೋಡಿದ್ದೆ. ಅವಂಗೆ ಹೇಳಿದ್ದೆ. ಅವ, ನಂಗೆ ಗೊತ್ತಿದ್ದು ಆಯಿ, ಅದ್ರಿಂದ ನಂಗೆಂತ ತೊಂದರೆ ಇಲ್ಲೆ ಹೇಳಿದ. ಆನೇ ಬಿಟ್ಟಿದ್ದಿಲ್ಲೆ. ಅದನ್ನ ಸರಿ ಮಾಡಿಸು, ಇಲ್ದಿದ್ರೆ ತೌರಿಗೆ ಕಳಿಸು, ಎರಡೂ ಆಗ್ತಿಲ್ಲೆ ಅಂದ್ರೆ ಆನು ಈ ಮನೇಲಿ ಇರ್ತಿಲ್ಲೆ ಹೇಳಿ ಎರಡು ದಿನ ಊಟ ಬಿಟ್ಟು ಕೂತಿದ್ದೆ."

ಹೊರಗೆ ಯಾರೋ ಗಾಲಿಯ ಮಂಚವನ್ನು ತಳ್ಳಿಕೊಂಡು ಹೋದರು. ನಮಿತಾ ಎಡಗೈಯೂರಿ ಅರ್ಧ ಎದ್ದು ಕೂತಳು.

"ಇದನ್ನ ಈಗ ಎಂತಕ್ಕೆ ಹೇಳಿದ್ರಿ ಅತ್ತೆ?"

"ಹೇಳದೆ ಇಟ್ಕಂಬಲೆ ನಂಗೆ ಆಗ್ತಿಲ್ಲೆ. ಹತ್ತು ವರ್ಷಾತು."

"ಹೇಳಿ ನಿಂಗಕ್ಕೆ ಹಗುರಾತು," ಎಂದಳು ನಮಿತಾ. "ಅವ ಮೊದಲು ಇರ್ಲಿ ಬಿಡು ಅಂದಿದ್ದ. ಆ ಮಾತು ಬರೀ ಬಾಯ್ಮಾತು ಹೇಳಿ ಇಷ್ಟು ವರ್ಷ ಅಂದ್ಕಂಡಿದ್ದೆ. ಹಾಂಗೆ ಅಂದ್ಕಂಡೇ ಬದುಕಿದ್ದೆ. ಅದು ನಿಜ ಆಗಿತ್ತು ಹೇಳಿ ಈಗ ತಿಳಿದು ಆನು ಎಂತ ಮಾಡವು?"

ಸೀತಮ್ಮ ಅವಳ ಕಾಲು ಹಿಡಿಯಲು ಬಗ್ಗಿದಳು. ನಮಿತಾ ಕಾಲು ಎಳೆದುಕೊಂಡಳು.

ಊರಿಗೆ ಬರುವ ದಾರಿಯಲ್ಲಿ ಹುಬ್ಬಳ್ಳಿ ಬಸ್ ನಿಲ್ದಾಣದ ಹತ್ತಿರ ಸೀತಮ್ಮ ಒಂದು ಅಂಗಡಿಯ ಮುಂದೆ ನಿಂತಳು. ಕಪ್ಪು ದಾರದ ಎರಡು ಕಟ್ಟು ಕೊಂಡಳು. ಜನ ಕಾಶಿ ದಾರ ಕೇಳದೆ ಬಿಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮರುದಿನ ಓಣಿಯವರೆಲ್ಲ ಬಂದರು. ಸೀತಮ್ಮ ದಾರ ತುಂಡು ಮಾಡಿ ಒಬ್ಬೊಬ್ಬರಿಗೇ ಕೊಟ್ಟಳು. ಗಂಗಾಸಮಾರಾಧನೆ ಯಾವಾಗ ಇಟ್ಟುಕೊಂಡಿದ್ದೀರಿ ಎಂದು ಕೇಳಿದರು. ಮಗನ ಹೆಸರಿನ ಚೀಟಿ ಕೊಟ್ಟವಳೂ ಬಂದು ಬಾಗಿಲಲ್ಲಿ ನಿಂತು, "ಹೇಳಿದ್ರಾ ಅಮ್ಮಾ?" ಎಂದಳು. ಸೀತಮ್ಮ ತಲೆಯಾಡಿಸಿದವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟಳು. ಗಂಗೆಯನ್ನು ನೆನೆದು ಅಳುತ್ತಿದ್ದಾಳೆಂದು ಎಲ್ಲರೂ ಕೈ ಮುಗಿದರು. ಅತ್ತೆಯನ್ನು ಕಾಶಿಗೆ ಕರೆದೊಯ್ದ ಸೊಸೆ ಈ ಕಾಲದಲ್ಲಿ ಎಲ್ಲಿ ಸಿಗುತ್ತಾಳೆ ಎಂದು ನಮಿತಾಳನ್ನು ಹೊಗಳಿದರು. ಅವಳು ಒಳಗಿನ ಕೋಣೆಯಲ್ಲಿ ಮಲಗಿ ಅದನ್ನೆಲ್ಲ ಕೇಳಿಸಿಕೊಂಡಳು. ಪ್ರಯಾಣದಲ್ಲಿ ಬಿದ್ದು ಕೈ ಉಳುಕಿದೆ ಎಂದು ಸೀತಮ್ಮ ಅವರಿಗೆ ಹೇಳಿದ್ದಳು.

ಕೈ ಸರಿಯಾಗಲಿಲ್ಲ. ಶಾಂತಾರಾಮ ಡಾಕ್ಟರು ಹೇಳಿಕೊಟ್ಟ ವ್ಯಾಯಾಮವನ್ನು ಐದು ತಿಂಗಳು ಮಾಡಿದಳು. ಬಲಗೈ ಹೆಗಲಿನ ಮಟ್ಟಕ್ಕೆ ಬರುವ ಮೊದಲೇ ನಿಂತುಬಿಡುತ್ತಿತ್ತು. ಕತ್ತರಿ ಹಿಡಿದರೆ ಬೆರಳು ನಡುಗುತ್ತಿತ್ತು. ಆರನೇ ತಿಂಗಳು ಅವರು ಅವಳ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, "ಇನ್ನು ಇಷ್ಟೇ ಅಂತ ತಿಳ್ಕೋಬೇಕಮ್ಮ," ಎಂದರು. "ಆಗ್ಲೇ ಹುಬ್ಬಳ್ಳಿಗೆ ಹೋಗಿದ್ರೆ?" ಎಂದು ಅವಳು ಕೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

ಶ್ರಾವಣದಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು, ಹೊಲಿಯದೆ ಉಳಿದ ರವಿಕೆ ಕಣಗಳನ್ನು ವಾಪಸು ತೆಗೆದುಕೊಂಡು ಹೋದರು. ಕೆಲವರು ಅಳತೆ ಬರೆದ ಪುಟ ಹರಿದುಕೊಡಲು ಕೇಳಿದರು, ಬೇರೆ ಟೇಲರಿಗೆ ತೋರಿಸಲು. ಅವಳು ಹರಿದು ಕೊಟ್ಟಳು.

ಮೈ ತೊಳೆದುಕೊಳ್ಳುವುದನ್ನು ಎಡಗೈಯಲ್ಲೇ ರೂಢಿ ಮಾಡಿಕೊಂಡಳು. ಊಟವನ್ನೂ. ಆದರೆ ತಲೆ ಬಾಚಿಕೊಳ್ಳಲಾಗುತ್ತಿರಲಿಲ್ಲ. ಬೆಳಿಗ್ಗೆ ಸಮೃದ್ಧಿ ಶಾಲೆಗೆ ಹೋದ ಮೇಲೆ ಸೀತಮ್ಮ ಹಣಿಗೆ ತಂದು ಅವಳ ಹಿಂದೆ ಕೂರುತ್ತಿದ್ದಳು. ನಮಿತಾ ಬೇಡ ಎನ್ನುತ್ತಿರಲಿಲ್ಲ, ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದಳು. ಬ್ಯಾಂಕಾಕಿನ ಆ ಮಧ್ಯಾಹ್ನದ ನಂತರ ಅವಳು ಅತ್ತೆಯ ಜೊತೆ ಮಾತಾಡಿರಲಿಲ್ಲ.

ಒಂದು ದಿನ ಸೀತಮ್ಮನ ಕೈ ಜಡೆಯ ನಡುವೆ ನಿಂತಿತು. "ತಂಗಿ, ಎಂತಾದ್ರೂ ಬೈಯ್ಯೆ. ಸಾಯಿ ಹೇಳಾದ್ರೂ ಹೇಳು," ಎಂದಳು.

ನಮಿತಾ ತಿರುಗಲಿಲ್ಲ. ಗೋಡೆ ನೋಡುತ್ತಲೇ, "ಬಿಗಿ ಆತು, ತಲೆ ಎಳೆತು," ಎಂದಳು.

ಸೀತಮ್ಮ ಹೆಣೆದದ್ದನ್ನೆಲ್ಲ ಬಿಚ್ಚಿ, ಮತ್ತೆ ಮೊದಲಿನಿಂದ ಸಡಿಲವಾಗಿ ಹೆಣೆಯತೊಡಗಿದಳು.