ಹುಲಿಗೆಮ್ಮನ ಹೊರಸು

ನಾನು ಒಂದು ಹೊರಸು. ಜಾಲಿಯ ನಾಲ್ಕು ಕಾಲು, ನಾಲ್ಕು ಪಟ್ಟಿ, ನಡುವೆ ಪುಂಡಿನಾರಿನ ಹಗ್ಗದ ಹೆಣಿಗೆ. ಅದಕ್ಕೂ ಮೊದಲು ಮದ್ದಿನಹಾಳದ ಆದೆಪ್ಪನ ಹೊಲದ ಬದುವಿನ ಮೇಲೆ ಮರವಾಗಿ ನಿಂತಿದ್ದೆ. ಅವನ ಹೆಂಡತಿ ಹುಲಿಗೆಮ್ಮ ಚೊಚ್ಚಲ ಬಸುರಿಯಾದಾಗ ಆದೆಪ್ಪ ಕೊಡಲಿ ಹಿಡಿದುಕೊಂಡು ಬಂದ. ಬಡಿಗೇರ ಮೌನೇಶ ನನ್ನನ್ನು ಕೊಯ್ದು, ಕೆತ್ತಿ, ಕಾಲುಗಳಿಗೆ ತೂತು ಕೊರೆದು ಕೂಡಿಸಿದ. ಹಗ್ಗವನ್ನು ಆದೆಪ್ಪ ತಾನೇ ಹೊಸೆದು ತಾನೇ ಹೆಣೆದ. ಒಂದು ಮೂಲೆಯಲ್ಲಿ ಹೆಣಿಗೆ ತಪ್ಪಿತು. ಹುಲಿಗೆಮ್ಮ ನಕ್ಕಳು. ಅವನು ಬಿಚ್ಚಿ ಮತ್ತೆ ಹೆಣೆದ, ಮತ್ತೆ ಅಲ್ಲೇ ತಪ್ಪಿದ.

ನಮ್ಮ ಕಡೆ ಬಾಣಂತಿಯನ್ನು ಹೊರಸಿನ ಮೇಲೆ ಮಲಗಿಸುತ್ತಾರೆ. ಕೆಳಗೆ ಕೆಂಡದ ಕುಂಪಟಿ ಇಟ್ಟು, ಅದಕ್ಕೆ ಅಜವಾನ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುತ್ತಾರೆ. ಆ ಕಾವು ಹಗ್ಗದ ಸಂದಿನಿಂದ ಮೇಲೇರಿ ಸೊಂಟಕ್ಕೆ ತಾಗಬೇಕು. ಹುಲಿಗೆಮ್ಮನಿಗೆ ತವರಿನಲ್ಲಿ ತಾಯಿ ಇರಲಿಲ್ಲ. ಪಕ್ಕದ ಮನೆಯ ಸೂಲಗಿತ್ತಿ ಗುಂಡಮ್ಮನೇ ಬಂದು ಹೆರಿಗೆ ಮಾಡಿಸಿದಳು, ತಾಯಿಮಗುವನ್ನು ಎತ್ತಿ ನನ್ನ ಮೇಲೆ ಮಲಗಿಸಿದಳು. ಆ ಕೂಸೇ ನೀಲಮ್ಮ.

ನೀಲಮ್ಮನ ನಂತರ ಹುಲಿಗೆಮ್ಮನಿಗೆ ಮಕ್ಕಳಾಗಲಿಲ್ಲ. ಆದರೆ ನಾನು ಖಾಲಿ ಬೀಳಲಿಲ್ಲ. ಮೂಡಣ ಓಣಿಯಲ್ಲಿ ಯಾರಿಗೇ ಹೆರಿಗೆಯಾಗಲಿ, ಗುಂಡಮ್ಮ, "ಹುಲಿಗೆಮ್ಮನ ಹೊರಸು ತರ್ರಿ, ಅದರ ಕಾಲ್ಗುಣ ಚಲೋ ಐತಿ" ಅನ್ನುತ್ತಿದ್ದಳು. ನನ್ನನ್ನು ತಲೆಯ ಮೇಲೆ ಹೊತ್ತು ಮನೆಯಿಂದ ಮನೆಗೆ ಒಯ್ಯುತ್ತಿದ್ದರು. ನೀಲಮ್ಮ ದೊಡ್ಡವಳಾಗುವ ಹೊತ್ತಿಗೆ ಗುಂಡಮ್ಮನ ಸೊಸೆ ಗಂಡು ಹೆತ್ತಾಗ ನಾನು ಅವರ ಪಡಸಾಲೆಯಲ್ಲೇ ಬೇಸಿಗೆ ಕಳೆದೆ. ಗುಂಡಮ್ಮ ಮೊಮ್ಮಗನನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುವಾಗ ನನಗೂ ಒಂದಿಷ್ಟು ಎಣ್ಣೆ ಸಿಡಿಯುತ್ತಿತ್ತು. ಕೆಲವು ವರ್ಷ ಹೀಗೆ ಹೋದವು. ನೀಲಮ್ಮ ಮದುವೆಯಾಗಿ, ದಿನ ತುಂಬುತ್ತ ಬಂದಾಗ ತವರಿಗೆ ಬಂದಳು. ಹುಲಿಗೆಮ್ಮ ನನ್ನ ಹಗ್ಗ ಬಿಗಿದು, ಬಿಸಿಲಿಗೆ ಹಾಕಿ, ಅಂಗಳದಲ್ಲಿ ನಿಲ್ಲಿಸಿದಳು.

ಗಾಳಿ ಬಂದದ್ದು ಆ ವಾರದಲ್ಲೇ.

ಎರೆ ಭೂಮಿ ಹರಿವಾಣದ ಹಾಗೆ ಸಮ. ಬರುವುದೆಲ್ಲ ದೂರದಿಂದಲೇ ಕಾಣುತ್ತದೆ. ಮಧ್ಯಾಹ್ನ ಇಳಿಯುವ ಹೊತ್ತು. ಮೋಡ ಹಸಿರುಗಪ್ಪಾಗಿ, ಅದರಿಂದ ಆನೆಯ ಸೊಂಡಿಲಿನಂಥದ್ದೊಂದು ಇಳಿದು ನೆಲ ಮುಟ್ಟಿತು. ಮುಟ್ಟಿದಲ್ಲೆಲ್ಲ ಮಣ್ಣು ಎದ್ದಿತು. ಬೇಸಿಗೆಯಲ್ಲಿ ಸುಳಿಗಾಳಿ ಹೊಸದಲ್ಲ. ಮಕ್ಕಳು ಅದರೊಳಗೆ ಓಡಿ ಹೋಗಿ ನಗುತ್ತಾರೆ. ಇದು ಹಾಗಿರಲಿಲ್ಲ. ಆದೆಪ್ಪ ಎತ್ತು ಬಿಚ್ಚಲು ಕೊಟ್ಟಿಗೆಗೆ ಓಡಿದ. "ಬಿಟ್ಟು ಬಾ! ಎತ್ತು ಸಾಯ್ಲಿ, ಬಾ!" ಎಂದು ಹುಲಿಗೆಮ್ಮ ಕೂಗಿದ್ದು ಕೇಳಿಸಿತು. ಆಮೇಲೆ ನಾನು ನೆಲದ ಮೇಲಿರಲಿಲ್ಲ.

ಮೂಡಣ ಓಣಿಯ ಮಾಳಿಗೆ ಮನೆಗಳು ಒಂದಾದ ಮೇಲೊಂದು ಕುಸಿದವು. ಕಲ್ಲು, ತೊಲೆ, ಮೇಲಿನ ಗೇಣು ದಪ್ಪದ ಮಣ್ಣು ಎಲ್ಲ ಒಳಗಿದ್ದವರ ಮೇಲೆ ಬಿತ್ತು. ಪಡುವಣ ಓಣಿಯಲ್ಲಿ ಒಂದು ಹೆಂಚೂ ಸರಿಯಲಿಲ್ಲ. ನನ್ನನ್ನು ಗಾಳಿ ಕೆರೆಯಂಚಿನ ಜೇಕಿನ ಹುಲ್ಲಿನ ಮೇಲೆ ಎಸೆದಿತ್ತು. ಜೇಕು ಮೆತ್ತಗಿತ್ತು, ನನಗೆ ಏನೂ ಆಗಲಿಲ್ಲ.

ಹುಲಿಗೆಮ್ಮ ಮತ್ತು ನೀಲಮ್ಮ ದೇವರ ಕೋಣೆಯ ಕಟ್ಟೆಯ ಸಂದಿಯಲ್ಲಿ ಉಳಿದಿದ್ದರು. ಆದೆಪ್ಪ ಎತ್ತುಗಳ ಜೊತೆ ಕೊಟ್ಟಿಗೆಯ ಗೋಡೆಯಡಿ ಸಿಕ್ಕ. ಓಣಿಯ ತುಂಬ ಹೆಣ. ಊರಿಗೂ ಸುಡುಗಾಡಿಗೂ ನಡುವೆ ಬಿದ್ದ ಮರಗಳು, ಹೊರಲು ಏನೂ ಇಲ್ಲ. ಪಡುವಣ ಓಣಿಯ ಮನೆಮನೆಯಲ್ಲಿ ಹೊರಸುಗಳಿದ್ದವು. ಯಾರೂ ಕೊಡಲಿಲ್ಲ. ಹೆಣ ಹೊತ್ತ ಹೊರಸು ಮತ್ತೆ ಹೊಸ್ತಿಲು ದಾಟುವಂತಿಲ್ಲ.

ಊರ ಹಿರಿಯ ಶರಣೇಗೌಡ ಹುಲಿಗೆಮ್ಮನ ಮುಂದೆ ಬಂದು ನಿಂತ. "ಯವ್ವಾ, ನಿನ್ನ ಹೊರಸು ಕೆರಿ ದಂಡಿಗೆ ಬಿದ್ದೈತಿ. ಹೆಂಗ ಕೇಳ್ಲಿ? ಮಗಳ ಬಾಣಂತನಕ್ಕ ಇಟ್ಟದ್ದು..."

ಹುಲಿಗೆಮ್ಮ ಗಂಡನ ಮುಖದ ಮಣ್ಣು ಸೆರಗಿನಿಂದ ಒರೆಸುತ್ತಿದ್ದಳು. ತಲೆ ಎತ್ತಲಿಲ್ಲ. "ಒಯ್ರಿ ಗೌಡ್ರ. ಮಂದಿನ್ನ ಕಾಲು ಹಿಡಿದು ಎಳಕೊಂಡು ಹೋಗೂದು ನೋಡಾಕ ಆಗೂದಿಲ್ಲ."

ಅವತ್ತು, ಮರುದಿನ ನಾನು ಸುಡುಗಾಡಿಗೆ ಹೋಗಿ ಬಂದೆ. ನನ್ನನ್ನು ಹೆಣೆದವನನ್ನು ಹೊತ್ತೆ. ನನ್ನ ಮೇಲೆ ಹೊಗೆ ಕಾಯಿಸಿಕೊಂಡಿದ್ದ ಎಷ್ಟೋ ಹೆಣ್ಣುಮಕ್ಕಳನ್ನು ಹೊತ್ತೆ. ಕೊನೆಗೆ ಗುಂಡಮ್ಮನ ಮೊಮ್ಮಗ ಬಂದ. ಇಷ್ಟು ಸಣ್ಣ ಹುಡುಗನಿಗೆ ಹೊರಸು ಯಾಕೆ, ತೋಳಲ್ಲೇ ಒಯ್ಯೋಣ ಎಂದರು. ಗುಂಡಮ್ಮನೇ ಅವನನ್ನು ನನ್ನ ಮೇಲೆ ಮಲಗಿಸಿದಳು. ಕೈ ತೆಗೆಯುವಾಗ ನನ್ನನ್ನು ಮೊದಲ ಸಲ ಕಂಡವಳ ಹಾಗೆ ನೋಡಿದಳು.

ಮೊದಲೆರಡು ದಿನ ಪಡುವಣ ಓಣಿಯವರು ಮನೆ ತೆರೆದು ಅನ್ನ ಹಾಕಿದರು. ಆಮೇಲೆ ಮಾತಿನಲ್ಲಿ ಬಿರುಸು ಬಂತು. ಉಳಿದವರೆಲ್ಲ ಶಾಲೆಯ ಬಯಲಿನಲ್ಲಿ ತಾಡಪತ್ರಿ ಕಟ್ಟಿದ ಶೆಡ್ಡುಗಳಿಗೆ ಹೋದರು. ಮಳೆ ಹಿಡಿಯಿತು. ಎರೆಮಣ್ಣು ಒಮ್ಮೆ ನೆನೆದರೆ ಬೇಗ ಒಣಗುವುದಿಲ್ಲ. ಗೋಣಿಚೀಲ ಹಾಸಿದರೂ ಅಂಗೈಯಿಟ್ಟರೆ ನೀರು ಒಸರುತ್ತಿತ್ತು. ಊರಿಗೆ ಬರುವ ದಾರಿಯ ಹಳ್ಳದ ಸೇತುವೆ ಕೊಚ್ಚಿಹೋಗಿ, ಆಂಬುಲೆನ್ಸು ಆಚೆ ದಂಡೆಯಲ್ಲೇ ನಿಲ್ಲುತ್ತಿತ್ತು. ನೀಲಮ್ಮನ ಗಂಡನೂ ಅತ್ತಲೇ ಉಳಿದ.

ಹುಲಿಗೆಮ್ಮ ನನ್ನನ್ನು ಕೆರೆಗೆ ಒಯ್ದು ತಿಕ್ಕಿ ತಿಕ್ಕಿ ತೊಳೆದಳು. ಗೋಮೂತ್ರ ಚಿಮುಕಿಸಿ, ಕಾಲಿಗೆ ಅರಿಷಿಣ ಹಚ್ಚಿ ಶೆಡ್ಡಿನೊಳಗೆ ತಂದಳು. ಅಂದೇ ನೀಲಮ್ಮನಿಗೆ ನೋವು ಶುರುವಾಯಿತು. ಗುಂಡಮ್ಮ ಬಂದಳು. ಆ ಕೈಗಳು ಕೆಲಸ ಮರೆತಿರಲಿಲ್ಲ. ಹೆಣ್ಣು ಕೂಸು ಹುಟ್ಟಿ ಗಟ್ಟಿಯಾಗಿ ಅತ್ತಿತು. ಹುಲಿಗೆಮ್ಮ ಮಗಳನ್ನು ಎತ್ತಲು ಬಾಗಿದಾಗ ಗುಂಡಮ್ಮ ಅಡ್ಡ ನಿಂತಳು.

"ಅದರ ಮ್ಯಾಲ ಹಾಕಬ್ಯಾಡ."

"ನೆಲ ಹಸಿ ಐತಿ ಗುಂಡಕ್ಕ. ಹಸಿ ಮೈ ಬಾಣಂತಿ ಹೆಂಗ ಮಲಗ್ತಾಳ?"

"ಅದು ಹೆಣದ ಹೊರಸು. ನನ್ನ ಮೊಮ್ಮಗ ಹುಟ್ಟಿ ಮಲಗಿದ್ದು ಅದರ ಮ್ಯಾಲ, ಹೋದದ್ದೂ ಅದರ ಮ್ಯಾಲ. ಅದಕ್ಕ ರುಚಿ ಹತ್ತೈತಿ. ನೀ ಆಕಿನ್ನ ಅದರ ಮ್ಯಾಲ ಹಾಕಿದ್ರ ನಾ ಕೂಸು ಮುಟ್ಟೂದಿಲ್ಲ, ಬಾಣಂತಿ ಮುಟ್ಟೂದಿಲ್ಲ."

"ನೀವ ಒಯ್ದಿರಿ. ನಾ ಕೊಡ್ತೀನಂತ ಬಂದಿದ್ದಿಲ್ಲ."

"ಕೊಡಬಾರದಿತ್ತು," ಎಂದಳು ಗುಂಡಮ್ಮ.

ಸುತ್ತ ನಿಂತ ಹೆಂಗಸರು ಸೆರಗು ಎಳೆದುಕೊಂಡು ನನ್ನಿಂದ ದೂರ ಸರಿದರು. ಎಲ್ಲರ ಮನೆಯಲ್ಲೂ ಒಬ್ಬರು ನನ್ನ ಮೇಲೆ ಹೋಗಿದ್ದರು. ಹುಲಿಗೆಮ್ಮ ಪಡುವಣ ಓಣಿಗೆ ಓಡಿ, ಬಾಗಿಲು ಬಾಗಿಲಿಗೂ ಹೊರಸು ಕೇಳಿದಳು. ಒಬ್ಬಾಕೆ ಒಳಗಿನಿಂದಲೇ, "ನಿಮ್ಮ ಓಣಿ ಹೊರಸಿನ ಗತಿ ನೋಡೀವಲ್ಲವ್ವ," ಎಂದಳು. ಊರಿಗೆ ಇದ್ದವಳು ಒಬ್ಬಳೇ ಸೂಲಗಿತ್ತಿ. ಹುಲಿಗೆಮ್ಮ ತಿರುಗಿ ಬಂದು ನನ್ನನ್ನು ಎತ್ತಿ ಶೆಡ್ಡಿನ ಹೊರಗೆ ಮಳೆಯಲ್ಲಿ ನಿಲ್ಲಿಸಿದಳು. ನೀಲಮ್ಮ ಗೋಣಿಚೀಲದ ಮೇಲೆ ಮಲಗಿದಳು. ತಾಡಪತ್ರಿಯ ಸಂದಿನಿಂದ ನನಗೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು.

ಆ ಪಾದಗಳು ನಡುಗತೊಡಗಿದವು. ಜ್ವರ ಏರಿತು, ಹಲ್ಲು ಕಟಕಟಿಸಿತು. ಗುಂಡಮ್ಮ ಕಷಾಯ ಕುಡಿಸಿದಳು, ಪಾದ ತಿಕ್ಕಿದಳು. ಅವಳೂ ಬಿಟ್ಟು ಕದಲಲಿಲ್ಲ, ಅದನ್ನು ಹೇಳಲೇಬೇಕು. ನೀಲಮ್ಮ ಬಡಬಡಿಸಲು ಶುರು ಮಾಡಿದಾಗ ಹುಲಿಗೆಮ್ಮ ಶರಣೇಗೌಡನ ಬಳಿ ಹೋದಳು.

"ಹಳ್ಳದ ಆಚಿ ಗಾಡಿ ನಿಂತೈತಿ ಗೌಡ್ರ. ನಾಕು ಮಂದಿ ಕೊಡ್ರಿ. ಹೊರಸಿನ ಮ್ಯಾಲ ಹಾಕ್ಕೊಂಡು ಹಳ್ಳ ದಾಟಿಸಿಬಿಡ್ರಿ."

ಹೊರಲು ಎದ್ದ ಗಂಡಸರು ನನ್ನನ್ನು ನೋಡಿ ನಿಂತುಬಿಟ್ಟರು. ನನ್ನ ಕೆಳಗೆ ಹೆಗಲು ಕೊಟ್ಟಿದ್ದವರು ಅವರೇ. "ಜೀವ ಇದ್ದಾಕಿನ್ನ ಅದರ ಮ್ಯಾಲ ಹಾಕಿದ್ರ ದಾರ್ಯಾಗ ಹೋಗ್ತಾಳ," ಎಂದ ಒಬ್ಬ. "ಹೊತ್ತವರನ್ನೂ ಬಿಡೂದಿಲ್ಲ," ಎಂದ ಇನ್ನೊಬ್ಬ.

ಶರಣೇಗೌಡ ನೆಲ ನೋಡಿದ. "ಮಂದಿ ಮನಸ್ಸು ಮುರಿದೈತಿ ಯವ್ವಾ. ಕಂಬಳಿ ಜೋಲಿ ಕಟ್ಟಸ್ತೀನಿ."

ಕಂಬಳಿಗೆ ಬಡಿಗೆ ಕಟ್ಟಿ ಅದರಲ್ಲಿ ನೀಲಮ್ಮನನ್ನು ಮಡಚಿ ಹಾಕಿದರು. ಮಳೆ ನೀರು ಕುಡಿದು ಕಂಬಳಿ ಜೋತು ಬಿತ್ತು. ಕೆಸರಿನಲ್ಲಿ ಕಾಲು ಹೂತು, ಜೋಲಿ ಹೊಯ್ದಾಡಿ, ಎರಡು ಸಲ ಅವಳನ್ನು ನೆಲಕ್ಕೆ ಇಳಿಸಬೇಕಾಯಿತಂತೆ. ಹಳ್ಳದ ದಂಡೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಆಚೆ ದಂಡೆಯಲ್ಲಿ ಗಂಡ ನಿಂತು ಕೈ ಬೀಸುತ್ತಿದ್ದ. ಅವನಿಗೆ ಇನ್ನೂ ತಿಳಿದಿರಲಿಲ್ಲ.

ಒಬ್ಬ ಶಾಲೆಯ ಬಯಲಿಗೆ ಓಡಿ ಬಂದ. ಶೆಡ್ಡಿನ ಹೊರಗೆ ನಿಂತು ಏದುಸಿರು ಬಿಡುತ್ತ ಹೇಳಿದ: "ಹೊರಸು ಕೊಡ್ರಿ."

ಈ ಸಲ ಯಾರಿಗೂ ಭಯವಿರಲಿಲ್ಲ. ನೀಲಮ್ಮನನ್ನು ನೀಟಾಗಿ ಮಲಗಿಸಿದರು, ಕಾಲು ಜೋಡಿಸಿದರು, ಹೆಗಲು ಬದಲಿಸುತ್ತ ಜೋಪಾನವಾಗಿ ತಂದರು. ಹುಲಿಗೆಮ್ಮ ನನ್ನ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿ ನಡೆದಳು. ಅಳಲಿಲ್ಲ. ಸುಡುಗಾಡಿನಲ್ಲಿ ಒಂದೇ ಮಾತು ಆಡಿದಳು: "ಇನ್ನ ಇದು ಇಲ್ಲೇ ಇರಲಿ."

ನಾನು ಅಲ್ಲೇ ಉಳಿದೆ, ತಗಡಿನ ಚಪ್ಪರದಡಿಯಲ್ಲಿ. ಯಾರಾದರೂ ಸತ್ತಾಗ ಬಂದು ಒಯ್ಯುತ್ತಿದ್ದರು. ಊರ ಹೊರಗಿನ ದಿಬ್ಬದ ಮೇಲೆ ಯಾರೋ ಪುಣ್ಯವಂತರು ಮೂಡಣ ಓಣಿಯವರಿಗೆ ಸಿಮೆಂಟಿನ ಮನೆ ಕಟ್ಟಿಸಿದರು. ಮನೆಗೊಂದು ಕಬ್ಬಿಣದ ಮಂಚ ಹಂಚಿದರು, ಹಾರ ಹಾಕಿಸಿಕೊಂಡರು, ಹೋದರು. ಚೀಟಿ ಎತ್ತಿದಾಗ ಹುಲಿಗೆಮ್ಮನಿಗೂ ಗುಂಡಮ್ಮನಿಗೂ ಒಂದೇ ಗೋಡೆಯ ಎರಡು ಮನೆ ಬಂದವು. ನೀಲಮ್ಮನ ಗಂಡ ಮತ್ತೆ ಮದುವೆಯಾದ. ಮೊಮ್ಮಗಳು ಸಾವಂತ್ರಿ ಅಜ್ಜಿಯ ಹತ್ತಿರವೇ ಬೆಳೆದಳು.

ಒಂದು ದಿನ ಮಟಮಟ ಮಧ್ಯಾಹ್ನ ಹುಲಿಗೆಮ್ಮ ಸುಡುಗಾಡಿಗೆ ಬಂದಳು. ಅವಳ ಕೈಗೆ ಸಾಬೂನಿನ ನೊರೆ ಇನ್ನೂ ಅಂಟಿತ್ತು; ಬಟ್ಟೆ ಒಗೆಯುವುದನ್ನು ಅರ್ಧಕ್ಕೆ ಬಿಟ್ಟು ಎದ್ದಿದ್ದಳು. ನನ್ನನ್ನು ತಲೆಯ ಮೇಲೆ ಹೊತ್ತುಕೊಂಡಳು. ದಾರಿಯಲ್ಲಿ ಶರಣೇಗೌಡ ಅಡ್ಡ ಬಂದ. "ಏನಿದು ಹುಲಿಗೆಮ್ಮ? ಹೆಣದ ಹೊರಸು ಊರಾಗ ತರ್ತಿಯೇನು?"

"ಗುಂಡಕ್ಕ ಗ್ವಾಡಿ ಆಚಿ ತನ್ನ ಮನ್ಯಾಗ ಯಾರೋ ಬಾಣಂತಿಗೆ ಬುದ್ಧಿ ಹೇಳಾಕತ್ತಿದ್ಲು ಗೌಡ್ರ. 'ನೆಲದ ಮ್ಯಾಲ ಮಲಗಬ್ಯಾಡವ್ವ, ತಂಡಿ ಏರಿ ಜೀವಕ್ಕ ಕುತ್ತು' ಅಂತ. ಕೇಳಿದೆ." ಅವಳು ನಿಲ್ಲಲಿಲ್ಲ. "ನನ್ನ ಹೊರಸು ನಾ ಒಯ್ಯಾಕತ್ತೀನಿ."

ನಾವು ಬರುತ್ತಿದ್ದಂತೆ ಬಾಗಿಲುಗಳು ಮುಚ್ಚಿದವು. ಅವಳು ನನ್ನನ್ನು ಮನೆಯ ಮುಂದೆ ಹಾಕಿ, ಅಂದಿನಿಂದ ನನ್ನ ಮೇಲೆಯೇ ಮಲಗಿದಳು. ಅವಳ ಮನೆಗೆ ಬೆಂಕಿ ಕೇಳಲೂ ಯಾರೂ ಬರಲಿಲ್ಲ. ಸಾವಂತ್ರಿಯ ಜೊತೆ ಆಡಬೇಡಿರೆಂದು ತಾಯಂದಿರು ಮಕ್ಕಳಿಗೆ ಹೇಳಿದರು. ಒಮ್ಮೆ ಸಾವಂತ್ರಿ, "ಇದನ್ನ ದೂರ ಒಗದ್ ಬಿಡಬೇ," ಎಂದು ಅತ್ತಳು. ಹುಲಿಗೆಮ್ಮ ಅವಳ ಕೆನ್ನೆಗೆ ಹೊಡೆದಳು. ಹಿಂದೆಂದೂ ಅವಳು ಮಗುವಿನ ಮೇಲೆ ಕೈ ಮಾಡಿದ್ದಿಲ್ಲ.

ಈಗ ನನ್ನ ಹಗ್ಗ ಸಡಿಲವಾಗಿದೆ, ಒಂದು ಕಾಲಿಗೆ ಹುಳು ಹಿಡಿದಿದೆ. ಹುಲಿಗೆಮ್ಮನ ಮೈಯೂ ಒಣಗಿ ಹಗುರಾಗಿದೆ. ಹೋದ ವೈಶಾಖದಲ್ಲಿ ಒಂದು ಸಂಜೆ ಗಾಳಿ ಎದ್ದಿತು. ಬರೀ ಧೂಳಿನ ಗಾಳಿ. ಆದರೂ ದಿಬ್ಬದ ಜನರೆಲ್ಲ ಮನೆ ಬಿಟ್ಟು ಹೊರಬಂದರು. ಗೋಡೆಯನ್ನು ಅವರು ಇನ್ನು ನಂಬುವುದಿಲ್ಲ. ಗುಂಡಮ್ಮನ ಮನೆಯವರು ಬಯಲಿಗೆ ಓಡಿದರು. ಮುದುಕಿಗೆ ಓಡಲು ಆಗಲಿಲ್ಲ. ತಡಕಾಡುತ್ತ ಬಂದು, ಯಾರನ್ನೂ ಕೇಳದೆ, ನನ್ನ ಅಂಚಿನ ಮೇಲೆ ಕುಳಿತಳು.

ಹುಲಿಗೆಮ್ಮ ನನ್ನ ಇನ್ನೊಂದು ತುದಿಯಲ್ಲಿ ಕುಳಿತಿದ್ದಳು.

"ಏಳು ಗುಂಡಕ್ಕ," ಎಂದಳು. "ನೆಲದ ಮ್ಯಾಲ ಕೂಡು."

ಗುಂಡಮ್ಮ ಇಳಿದು ಮಣ್ಣಿನ ಮೇಲೆ ಕುಳಿತಳು. ಗಾಳಿ ಇಳಿಯುವವರೆಗೂ ತಲೆ ತಗ್ಗಿಸಿ ಅಲ್ಲೇ ಇದ್ದಳು. ಎಲ್ಲರೂ ಮನೆ ಸೇರಿದ ಮೇಲೆ ಏಳಲು ನೋಡಿದಳು, ಆಗಲಿಲ್ಲ. ಹುಲಿಗೆಮ್ಮ ಕೈ ಚಾಚಲಿಲ್ಲ. ಮುಖವನ್ನೂ ತಿರುಗಿಸಲಿಲ್ಲ. ಗುಂಡಮ್ಮ ಎರಡೂ ಕೈಯಿಂದ ನನ್ನ ಕಾಲು ಹಿಡಿದಳು. ಹಿಡಿದು ಎಷ್ಟೋ ಹೊತ್ತು ಹಾಗೇ ಇದ್ದಳು.

ಕಾಲು ಹಿಡಿದವರಿಗೆ ಏನು ಹೇಳಬೇಕೆಂದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವಳು ಮೇಲೆ ಸುಮ್ಮನೆ ಕುಳಿತಿದ್ದಳು.