ಟೇಪು ಸುತ್ತಿದ ಕಾಲು

ನಾನು ಒಂದು ಪ್ಲಾಸ್ಟಿಕ್ ಕುರ್ಚಿ. ಕೆಂಪು ಬಣ್ಣ, ಕೈ ಇರುವ ಜಾತಿ. ಕಾರ್ಖಾನೆಯಲ್ಲಿ ಕರಗಿಸಿ ಅಚ್ಚಿಗೆ ಸುರಿದರು, ಆರಿದ ಮೇಲೆ ಎಳೆದು ಒಂದರ ಮೇಲೊಂದು ಪೇರಿಸಿದರು. ಹೇಳಿಕೊಳ್ಳುವಂಥ ಹುಟ್ಟೇನೂ ಅಲ್ಲ ಬಿಡಿ.

ಮೊದಲು ತಿಪಟೂರಿನ ಶಾಮಿಯಾನ ಅಂಗಡಿಯಲ್ಲಿದ್ದೆ. ಮದುವೆ, ತಿಥಿ ಎಲ್ಲಕ್ಕೂ ಹೋದೆ. ನನ್ನ ಮೇಲೆ ಕುಣಿದ ಮಕ್ಕಳೆಷ್ಟು, ಹಿಂದಕ್ಕೆ ವಾಲಿ ಗೊರಕೆ ಹೊಡೆದ ಗಂಡಸರೆಷ್ಟು! ಅವರನ್ನು ಯಾರೂ ಏನೂ ಅನ್ನಲಿಲ್ಲ. ದಪ್ಪಗಿರುವ ಹೆಂಗಸು ಬಂದರೆ ಮಾತ್ರ ಇಡೀ ಚಪ್ಪರಕ್ಕೆ ನನ್ನ ಕಾಲಿನ ಚಿಂತೆ. "ಅದ್ರ ಮೇಲೆ ಇನ್ನೊಂದು ಕುರ್ಚಿ ಸೇರ್ಸಿ ಹಾಕ್ರೋ!" ಎಂದು ಕೂಗುತ್ತಾರೆ. ಎಲ್ಲರೂ ತಿರುಗಿ ನೋಡುತ್ತಾರೆ.

ಹಳೆಯದಾದ ಮೇಲೆ ಪಂಕಜ ಎಂಬಾಕೆಯ ಮನೆ ಸೇರಿದೆ. ಆಕೆಯ ಅಕ್ಕ ನಾಗವೇಣಿ ದಪ್ಪಗಿದ್ದಳು. ಬಂದಾಗಲೆಲ್ಲ ಆಕೆಗೆ ಎರಡು ಕುರ್ಚಿ. ಆಕೆ ಹಠ ಹಿಡಿದು ಅನ್ನ, ಸಿಹಿ ಬಿಟ್ಟಳು. ಹಬ್ಬದೂಟದಲ್ಲಿ "ಒಂದು ಒಬ್ಬಟ್ಟು ತಿಂದ್ರೆ ಏನಾಗುತ್ತೆ, ಹಾಕಿಸ್ಕೊಳ್ಳಿ" ಎಂದು ಬಲವಂತ ಮಾಡಿದವರೇ, ಆಕೆ ಚೂರು ಮುರಿದು ಬಾಯಿಗಿಟ್ಟ ಕೂಡಲೇ "ಡಯಟ್ ಅಂತೆ ಡಯಟ್!" ಎಂದು ಪಿಸುಗುಟ್ಟಿದರು. ಬಿಟ್ಟರೆ ಬಿಂಕ, ತಿಂದರೆ ಚಪಲ. ಥೂ, ಎಲುಬಿಲ್ಲದ ನಾಲಿಗೆ!

ಪಂಕಜಳ ಮಗಳ ಸೀಮಂತ ಬಂತು. ಆ ಬೆಳಿಗ್ಗೆ ಪಂಕಜಳ ಗಂಡ ಷಡಾಕ್ಷರಿ, ಕಡ್ಡಿಯಂಥ ಮನುಷ್ಯ, ತೋರಣ ಕಟ್ಟಲು ನನ್ನ ಕೈಗಳ ಮೇಲೆ ಹತ್ತಿ ನಿಂತ. ನನ್ನ ಹಿಂಗಾಲು ಚಟ್ಟೆಂದು ಸೀಳುಬಿಟ್ಟಿತು.

"ಕುರ್ಚಿ ಸಾಲ್ದು ಕಣ್ರೀ," ಎಂದಳು ಪಂಕಜ. "ಟೇಪ್ ಸುತ್ತಿ ಸಾಲಲ್ಲೇ ಇಡಿ. ಹಗುರ ಇರೋರು ಯಾರಾದ್ರೂ ಕೂರ್ತಾರೆ."

ನಾಗವೇಣಿ ಬಂದಳು. ನಿಜಕ್ಕೂ ಇಳಿದಿದ್ದಳು, ಹೊಸ ರವಿಕೆ ಹೊಲಿಸಿದ್ದಳು. ಯಾರೋ ಎರಡನೇ ಕುರ್ಚಿ ಎತ್ತಿದರು. "ಬೇಡಪ್ಪ, ಈಗ ನಂಗೆ ಒಂದೇ ಸಾಕು," ಎಂದು ನಗುತ್ತಾ ನನ್ನ ಕಡೆಗೇ ಬಂದಳು. ಪಂಕಜ ಆರತಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ನೋಡಿದಳು. ಬೇಡ ಅನ್ನಬಹುದಿತ್ತು. ಆದರೆ ಮಗಳ ಅತ್ತೆ ಎದುರಿಗೇ ಕೂತಿದ್ದರು. ಒಡಕು ಕುರ್ಚಿ ಇಟ್ಟಿದ್ದೇವೆಂದು ಬೀಗರ ಮುಂದೆ ಹೇಳುವುದು ಹೇಗೆ? ಆರತಿಯ ಬತ್ತಿ ಸರಿಮಾಡತೊಡಗಿದಳು.

ನಾಗವೇಣಿ ಕೂತಳು. ನಾನು ಹಲ್ಲು ಕಚ್ಚಿ ತಡೆದೆ, ಆಗಲಿಲ್ಲ. ಕಾಲು ಮುರಿದು ಆಕೆ ನೆಲಕ್ಕೆ ಬಿದ್ದಳು. ಚಪ್ಪರವೆಲ್ಲ ಗೊಳ್ಳೆಂದಿತು.

"ಎರಡು ಹಾಕ್ಸಿ ಅಂದ್ರೆ ಕೇಳಲ್ಲ ನಮ್ಮತ್ತಿಗೆ!" ಎಂದ ಷಡಾಕ್ಷರಿ.

"ಅಷ್ಟು ಡಯಟ್ ಮಾಡಿದ್ದು ಎಲ್ಲಿಗ್ ಹೋಯ್ತೋ!" ಎಂದು ಪಂಕಜಳೂ ಬೀಗರ ಕಡೆ ನೋಡಿ ನಕ್ಕಳು. ಒಡಹುಟ್ಟಿದವಳು!

ನಾಗವೇಣಿ ಎದ್ದು, ಮುರಿದ ನನ್ನ ಕಾಲನ್ನು ಎತ್ತಿಕೊಂಡಳು. ಅದಕ್ಕೆ ಸುತ್ತಿದ್ದ ಟೇಪು ನೋಡಿದಳು. ಆಮೇಲೆ ತಂಗಿಯನ್ನು ನೋಡಿದಳು. ಪಂಕಜ ತಲೆ ತಗ್ಗಿಸಿದಳು.

ಈಗ ಹಿತ್ತಲಿನ ಗೋಡೆಗೆ ಒರಗಿದ್ದೇನೆ, ಮೂರು ಕಾಲಿನವನು. ಬಾಗಿಲು ತೆರೆದರೆ ಒಳಗಿನದು ಕಾಣುತ್ತದೆ. ಮಗುವಿನ ನಾಮಕರಣಕ್ಕೂ ನಾಗವೇಣಿ ಬಂದಳು. ಪಂಕಜ ತಾನೇ ಓಡಿ ಹೋಗಿ ಮರದ ಕುರ್ಚಿ ತಂದಿಟ್ಟಳು.

"ಕೂತ್ಕೊಳಕ್ಕ, ಗಟ್ಟಿಯಾಗಿದೆ."

ನಾಗವೇಣಿ ಬಗ್ಗಿ, ಎಲ್ಲರೆದುರಿಗೆ, ಅದರ ಕಾಲುಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಿದಳು.

"ಕುರ್ಚಿ ಗಟ್ಟಿಯಾಗೇ ಇದೆ ಕಣೆ," ಎಂದಳು. "ನಿನ್ ಮಾತು ನಂಬಿ ಕೂರೋಕೆ ನಂಗೆ ಧೈರ್ಯ ಇಲ್ಲ."

ನಿಂತೇ ಮಗುವನ್ನು ಹರಸಿ, ನಿಂತೇ ಎಲೆ ಅಡಿಕೆ ತೆಗೆದುಕೊಂಡು ಹೊರಟಳು.

"ಸಣ್ಣಗಾಗಿದ್ದೇ ತಡ, ಜಂಬ ನೋಡಿ!" ಎಂದರು ಬೀಗರು.