ನಡೆದ ಕಾಲು

ಸಾಂತಪ್ಪ ಹಂಡೆಯಿಂದ ಇನ್ನೊಂದು ಚೆಂಬು ನೀರು ಮೊಗೆಯುವಷ್ಟರಲ್ಲಿ ಪ್ರೇಮಾವತಿ ಅವನ ಕೈಯಿಂದ ಚೆಂಬು ಕಿತ್ತುಕೊಂಡಳು.

"ಅವರ ಕಾಲು ನಾನು ತೊಳೀತೀನಿ."

"ನೀವು ಕೂತ್ಕಳಿ ಅತ್ಗೆ. ನಾವೆಲ್ಲ ಇದೀವಲ್ಲ."

ನಾವೆಲ್ಲ ಇದ್ದೀವಂತೆ! ಆ ಮಾತೇ ಅವಳ ಹೊಟ್ಟೆಗೆ ಬೆಂಕಿ ಹಾಕಿದ್ದು. ಬೆಳಗಿನ ಜಾವ ಗಂಡ ಜಯಪ್ರಕಾಶ ಎದೆನೋವು ಬಂದು ತೀರಿಕೊಂಡ ಸುದ್ದಿ ಸೋಮವಾರಪೇಟೆಯ ನೆಂಟರಿಗೆ ಮುಟ್ಟುವ ಮೊದಲೇ ಸಾಂತಪ್ಪನ ಪಾದಯಾತ್ರೆಯ ಗುಂಪು ಅಂಗಳದಲ್ಲಿತ್ತು. ಪ್ರತಿ ಶಿವರಾತ್ರಿಗೆ ಬಿಸಿಲೆ ಘಾಟಿ ಇಳಿದು ಧರ್ಮಸ್ಥಳದವರೆಗೆ ಬರಿಗಾಲಲ್ಲಿ ನಡೆಯುವ ಗುಂಪು. ಬಂದವರು ಎರಡು ಹನಿ ಕಣ್ಣೀರು ಹಾಕಿ ಕತೆ ಹೇಳಲು ಶುರುವಿಟ್ಟುಕೊಂಡಿದ್ದರು. ಜಯಣ್ಣ ಹಾಡಿದರೆ ಘಾಟಿ ಮುಗಿದದ್ದೇ ಗೊತ್ತಾಗುತ್ತಿರಲಿಲ್ಲವಂತೆ. ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಾತಾಡುವುದನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದನಂತೆ.

ಯಾವ ಜಯಣ್ಣ? ಪಿಕಪ್ಪಿನಲ್ಲಿ ಆಳುಗಳನ್ನು ತೋಟಕ್ಕೆ ಬಿಟ್ಟು ಮನೆಗೆ ಬಂದರೆ "ಊಟ ಹಾಕು" ಅನ್ನುವುದೊಂದನ್ನು ಬಿಟ್ಟು ತುಟಿ ಬಿಚ್ಚದ ಮನುಷ್ಯ ಅವನು. ಹಾಡುವ ಗಂಡನನ್ನು ಇವರು ಇಟ್ಟುಕೊಂಡು ತನಗೆ ಮೂಗನನ್ನು ಬಿಟ್ಟರಲ್ಲ ಎಂದು ಅವಳಿಗೆ ಉರಿದುಹೋಯಿತು.

*

ಮಗಳ ಮದುವೆ ಮುಗಿದ ವರ್ಷ ಅವಳೂ ಪಾದಯಾತ್ರೆಗೆ ಹೊರಟಿದ್ದಳು. ಅವಲಕ್ಕಿ ಕಟ್ಟಿಕೊಂಡು, ಬ್ಯಾಗು ಹೆಗಲಿಗೇರಿಸಿ ನಿಂತಿದ್ದಳು.

"ಹಸ ಕರಿಯೋರು ಯಾರು?" ಅಂದ ಜಯಪ್ರಕಾಶ. "ಮುಂದಿನ್ ವರ್ಷ ನೋಡಾಣ."

ಗೇಟಿನಾಚೆ ಅಂಗನವಾಡಿ ಟೀಚರ್ ಯಮುನಾ ಗುಂಪಿನ ಜೊತೆ ನಗುತ್ತ ನಿಂತಿದ್ದಳು. ಅವಳ ಮನೆಯಲ್ಲೂ ಎರಡು ಹಸುಗಳಿದ್ದವು.

ಅವನು ಮರಳಿ ಬಂದಾಗ ಪ್ರೇಮಾವತಿ ಸಿಟ್ಟು ನುಂಗಿಕೊಂಡು, ಬಿಸಿನೀರಿಗೆ ಉಪ್ಪು ಹಾಕಿ ಕಾಲ ಬಳಿ ತಂದಿಟ್ಟಳು.

"ಬೇಡ ಬಿಡು. ಯಮುನಾ ಅರಿಶಿನ ಎಣ್ಣೆ ಹಚ್ಚಿದಾಳೆ," ಎಂದು ಅವನು ಮುಸುಕೆಳೆದು ಮಲಗಿದ.

ಅವಳು ಬಕೆಟ್ ಎತ್ತಿಕೊಂಡು ಹೋಗಿ ನೀರನ್ನು ಹಿತ್ತಲಿಗೆ ಸುರಿದಳು. ಆಮೇಲೆ ಯಾವ ವರ್ಷವೂ ಆ ಕಾಲಿನ ಸುದ್ದಿ ಕೇಳಲಿಲ್ಲ, ಕಣ್ಣೆತ್ತಿ ನೋಡಲೂ ಇಲ್ಲ.

*

ಈಗ ನೋಡಿದಳು. ಹಲಗೆಯ ಮೇಲೆ ಮಲಗಿಸಿದ್ದ ಗಂಡನ ಕಾಲ ತುಂಬ ಕಲೆಗಳು.

"ಇದು ಬಿಸಿಲೆ ಘಾಟೀಲಿ ಗಾಜು ಹೊಕ್ಕಿದ್ದು," ಸಾಂತಪ್ಪ ಅಂಗಾಲು ತೋರಿಸಿದ. "ನಾನೇ ಬೆನ್ನ ಮೇಲೆ ಹೊತ್ಕಂಡು ಇಳ್ದೆ ಅತ್ಗೆ."

"ಈ ಉಗುರು ಹೋಗಿದ್ದು ಕುಲ್ಕುಂದದತ್ರ," ಅಂದ ಜವರಪ್ಪ. ಅವನೂ ಗುಂಪಿನವನೇ. "ಕಲ್ಲು ಎಡವಿ ರಕ್ತ ಸುರೀತಿದ್ರೂ ನಗ್ತಾನೇ ಇದ್ದ."

ಯಮುನಾ ಮೂಗೊರೆಸಿಕೊಳ್ಳುತ್ತ ಬಂದು ಬೆರಳ ಸಂದಿಗೆ ಬೆರಳಿಟ್ಟಳು. "ಇಲ್ಲಿ ಬೊಬ್ಬೆ ಎದ್ದು ಒಡ್ದಿತ್ತಕ್ಕ. ನಾನೇ ಎಣ್ಣೆ ಹಚ್ಚಿದ್ದು."

"ಗೊತ್ತು," ಅಂದಳು ಪ್ರೇಮಾವತಿ. ಯಮುನಾಳ ಆ ಬೆರಳನ್ನು ಲಟಕ್ಕನೆ ಮುರಿದುಬಿಡಬೇಕು ಅನ್ನಿಸಿತು.

ಅವಳು ಗಂಡನ ಕಾಲನ್ನು ತನ್ನ ಕಡೆ ಎಳೆದುಕೊಂಡು ಹುಡುಕಿದಳು. ಇಷ್ಟು ವರ್ಷ ಬೇಯಿಸಿ ಹಾಕಿದವಳ ಪಾಲಿಗೆ ಒಂದಾದರೂ ಗುರುತು ಬೇಡವೇ? ಬಲಗಾಲಿನ ಹಿಮ್ಮಡಿಯ ಮೇಲೆ ಬೆಳ್ಳಗಿನ ಗೆರೆಯೊಂದು ಕಂಡಿತು.

"ಇದು?" ಅಂದಳು, ಗೆರೆ ತೋರಿಸಿ.

ಸಾಂತಪ್ಪ ಬಗ್ಗಿ ನೋಡಿದ. ಜವರಪ್ಪನ ಮುಖ ನೋಡಿದ. "ಇದು ಗೊತ್ತಿಲ್ಲ ಕಣತ್ಗೆ. ದಾರೀಲಾಗಿದ್ದಲ್ಲ."

"ನಾನು ನೋಡೇ ಇಲ್ಲ," ಅಂದಳು ಯಮುನಾ. "ಹೆಂಗಾಯ್ತಕ್ಕ?"

ಪ್ರೇಮಾವತಿಯೂ ಅದನ್ನು ನೋಡಿದ್ದು ಇವತ್ತೇ. ಹುಡುಗನಾಗಿದ್ದಾಗಿನದೋ, ಪಿಕಪ್ಪಿನ ತಗಡು ತಾಗಿದ್ದೋ. ಕೇಳೋಣವೆಂದರೆ ಹೇಳುವವನೇ ಮಲಗಿಬಿಟ್ಟಿದ್ದಾನೆ.

"ಅದು ನಮ್ಮನೆ ವಿಷ್ಯ," ಅಂದಳು.

ಮುಂದೆ ಹೇಳುತ್ತಾಳೇನೋ ಎಂದು ಮೂವರೂ ಕಾದರು. ಅವಳು ಆ ಹಿಮ್ಮಡಿಯನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಂಡು ಮೇಲಿನಿಂದ ನೀರು ಹೊಯ್ದಳು.